ಮಡುವಿನ ತಳ ನೋಡಿದ ವರ್ಷಗಳು

ಐವತ್ತರ ದಶಕದ ಮೊದಲಲ್ಲಿ ನನಗೆ ಸಾಲಿಗ್ರಾಮದ ಹತ್ತಿರ, ಕಾವೇರಿ ದಂಡೆಯ ಒಂದು ಹಳ್ಳಿಯ ಶಾಲೆಗೆ ವರ್ಗವಾಯಿತು. ನಾನು ಹುಣಸೂರಿನವಳು. ಲಕ್ಷ್ಮಣತೀರ್ಥದಲ್ಲಿ ಮೊಣಕಾಲುದ್ದದ ನೀರು ದಾಟಿ ಮುಂದೆ ಹೋದವಳಲ್ಲ. ಒಂದು ದಿನ ಜಲಚರಗಳ ಪಾಠ ಮುಗಿಸುವಾಗ ಹುಡುಗಿಯೊಬ್ಬಳು ಎದ್ದು, “ನಮ್ಮ ಮಡುವಿನ ತಳದಲ್ಲಿ ಏನೇನವೆ ಟೀಚರಮ್ಮ?” ಎಂದಳು. ಊರ ಕೆಳಗೆ ಬಂಡೆಗಳ ನಡುವೆ ಹೊಳೆ ಆಳವಾಗಿ ನಿಂತ ಜಾಗವೇ ಆ ಮಡು. ನನಗೆ ಉತ್ತರ ಗೊತ್ತಿರಲಿಲ್ಲ.

ಗೊತ್ತಿದ್ದವಳು ಒಬ್ಬಳೇ. ಬೆಸ್ತರ ಕೇರಿಯ ವಿಧವೆ, ಐವತ್ತು ದಾಟಿದವಳು. ಮುಳುಗಿ ಕಪ್ಪೆಚಿಪ್ಪು ಹೆಕ್ಕಿ ತಂದು, ಸುಟ್ಟು, ಎಲೆಯಡಿಕೆಗೆ ಸುಣ್ಣ ಮಾಡುವುದು ಅವಳ ಕಸುಬು. ಊರಿಗೆಲ್ಲ ಅವಳು ಅವ್ವ. ನಾನು ದಂಡೆಯಲ್ಲಿ ಪುಸ್ತಕ ಹಿಡಿದು ಪ್ರಶ್ನೆ ಕೇಳತೊಡಗಿದಾಗ ನಕ್ಕುಬಿಟ್ಟಳು.

“ದಡದ ಮ್ಯಾಲೆ ನಿಂತ್ಕಂಡು ಕೇಳಿದ್ರೆ ಏನ್ ತಿಳಿದಾತು? ನೀರಿಗೆ ಇಳೀರಿ. ಸೋರೆಬುರುಡೆ ಕಟ್ತೀನಿ, ಮುಳುಗಾಕಿಲ್ಲ ಬುಡಿ.”

ಆ ಬೇಸಿಗೆ, ಸೀರೆಗೆ ಕಚ್ಚೆ ಹಾಕಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಇಪ್ಪತ್ತಾರನೆಯ ವಯಸ್ಸಿನಲ್ಲಿ ನಾನು ಈಜು ಕಲಿತೆ. ಬುರುಡೆ ಬಿಚ್ಚಿ ಮೊದಲ ಸಲ ತಳ ಮುಟ್ಟಿದ ದಿನ ಒಂದು ಹಿಡಿ ಮರಳು ತಂದು ಅವಳ ಅಂಗೈಗೆ ಸುರಿದೆ. ಅಷ್ಟು ಹೆಮ್ಮೆ ನನಗೆ ಕೆಲಸದ ಆರ್ಡರು ಬಂದ ದಿನವೂ ಆಗಿರಲಿಲ್ಲ.

ಮಡುವಿನ ತಳದಲ್ಲಿ ನಾಲ್ಕು ಗುಂಡುಕಲ್ಲು ಇಟ್ಟು, ಸುತ್ತ ಹಗ್ಗ ಬಿಗಿದು, ಒಳಗಿನ ಜೀವಿಗಳನ್ನು ಎಣಿಸಲು ಒಂದು ಚೌಕ ಮಾಡಿದೆವು. ಸೀಮೆಎಣ್ಣೆ ಡಬ್ಬದ ತಳ ಕತ್ತರಿಸಿ, ಗಾಜು ಕೂರಿಸಿ, ಸಂದಿಗೆ ಡಾಂಬರು ಮೆತ್ತಿದೆವು. ಹರಿಗೋಲಿನಲ್ಲಿ ಕೂತು ಡಬ್ಬವನ್ನು ನೀರಿಗೆ ಅದುಮಿ ಬಗ್ಗಿದರೆ ಎರಡಾಳು ಆಳದ ತಳ ನಿಚ್ಚಳವಾಗಿ ಕಾಣುತ್ತಿತ್ತು. ಅಮಾವಾಸ್ಯೆ ಕಳೆದ ಮೊದಲ ಭಾನುವಾರ ಅವ್ವ ಮುಳುಗಿ ಚೌಕದೊಳಗಿನ ಕಪ್ಪೆಚಿಪ್ಪುಗಳನ್ನು ಕೈಯಿಂದ ಮುಟ್ಟಿ ಎಣಿಸುತ್ತಿದ್ದಳು. ಆಮೇಲೆ ನಾನು ಮುಳುಗುತ್ತಿದ್ದೆ. ಗೆಂಡೆಮೀನು, ಬಾಳೆಮೀನು, ಸೀಗಡಿ, ಬಸವನಹುಳು, ಕಂಡದ್ದೆಲ್ಲ ನೋಟುಪುಸ್ತಕಕ್ಕೆ. ಇಬ್ಬರ ಎಣಿಕೆ ಬೇರೆಯಾದಾಗ ಮತ್ತೆ ಮುಳುಗುತ್ತಿದ್ದೆವು. ತಪ್ಪು ಯಾವಾಗಲೂ ನನ್ನದೇ ಇರುತ್ತಿತ್ತು. ಆಷಾಢ, ಶ್ರಾವಣದ ಕೆಂಪು ನೀರಿನಲ್ಲಿ ಮಾತ್ರ ಬಿಡುವು. “ಟೀಚರಮ್ಮ ನೀರೊಳಗೂ ಹಾಜರಿ ತಗೋತಾರಂತೆ ಕಣ್ಲಾ” ಎಂದು ಊರು ನಗುತ್ತಿತ್ತು.

ಮೂರು ವರ್ಷ ಹಾಗೇ ನಡೆಯಿತು. ನಾಲ್ಕನೆಯ ವರ್ಷ ದೀಪಾವಳಿ ಕಳೆದ ಮೇಲೆ ಯಾರೋ ಕಲ್ಲು ಸಿಡಿಸುವ ಮದ್ದು ತಂದು ಮೀನಿಗಾಗಿ ಮಡುವಿಗೆ ಎಸೆದರು. ಸುದ್ದಿ ಕೇಳಿ ಓಡಿದೆವು. ಅವ್ವ ಮುಳುಗಿ ಬಹಳ ಹೊತ್ತು ಮೇಲೆ ಬರಲಿಲ್ಲ. ಬಂದವಳು ಹರಿಗೋಲಿನ ಅಂಚು ಹಿಡಿದಳು.

“ಬದುಕಿರೋ ಚಿಪ್ಪು ಮುಟ್ಟಿದ್ರೆ ಬಾಯಿ ಮುಚ್ಕತದೆ. ಒಂದೂ ಮುಚ್ಚಾಕಿಲ್ಲ ಕಣವ್ವ.”

ನೋಟುಪುಸ್ತಕ ಹಿಡಿದು ಇಬ್ಬರೂ ಚಾವಡಿಗೆ ಹೋದೆವು. ಪಟೇಲರು ಕೈ ಆಡಿಸಿದರು. “ಪ್ರವಾಹ ಬಂದಾಗ್ಲೂ ಹೋಯ್ತವೆ, ಮತ್ತೆ ಬತ್ತವೆ. ಅದಕ್ಯಾಕೆ ಇಷ್ಟು ರಂಪ?”

ನಾನು ಓದಿದೆ. ಪ್ರತಿ ಮಳೆಗಾಲದ ಮುಂಚೆ ಎಷ್ಟು ಚಿಪ್ಪು, ಆಮೇಲೆ ಎಷ್ಟು. ಯಾವ ಪ್ರವಾಹದಲ್ಲೂ ಚೌಕ ಬರಿದಾಗಿರಲಿಲ್ಲ. ಒಂದು ಸಾಲನ್ನೂ ಬಿಡಲಿಲ್ಲ. ಓದಿ ಮುಗಿಸಿದಾಗ ಅವ್ವ ಡಬ್ಬವನ್ನು ಪಟೇಲರ ಮುಂದಿಟ್ಟಳು. “ನೀವೇ ಒಂದ್ಸಲ ನೋಡಿ ಬುದ್ಧಿ.”

ಮರುದಿನ ಬೆಳಿಗ್ಗೆ ಅವರು ನಿಜವಾಗಿಯೂ ಬಂದರು. ಹರಿಗೋಲಿನಲ್ಲಿ ಬೋರಲಾಗಿ ಮಲಗಿ, ಪೇಟ ಕಳಚಿಟ್ಟು, ಡಬ್ಬದೊಳಗೆ ಮುಖ ಹುದುಗಿಸಿದರು. ಎದ್ದವರು ತುಂಬ ಮೆತ್ತಗೆ, “ಎಲ್ಲಾ ಬಾಯಿ ತಕ್ಕಂಡೇ ಬಿದ್ದವೆ” ಎಂದರು. ಅಂದು ಸಂಜೆಯೇ ಊರೆಲ್ಲ ಡಂಗುರ: ಈ ಮಡುವಿಗೆ ಮದ್ದಿಲ್ಲ, ಬಲೆಯೂ ಇಲ್ಲ. ಅವ್ವ ತಾನಾಗಿಯೇ ಅಲ್ಲಿ ಚಿಪ್ಪು ಹೆಕ್ಕುವುದನ್ನು ನಿಲ್ಲಿಸಿ, ಸುಣ್ಣಕ್ಕಾಗಿ ಹೊಳೆಗುಂಟ ಎರಡು ಮೈಲಿ ಕೆಳಗೆ ನಡೆದಳು.

ಒಂದು ವರ್ಷ ಚಿಪ್ಪಿನ ಸಾಲಿನಲ್ಲಿ ಸೊನ್ನೆಯೇ ಬರೆದೆ. ಗೆಂಡೆಗಳು ಮಾತ್ರ ಒಂದೆರಡಾಗಿ ಬಂದು, ಮಳೆಗಾಲ ಕಳೆದ ಮೇಲೆ ಗುಂಪಾಗಿ ಕಂಡವು. ಅದರ ಮುಂದಿನ ಬೇಸಿಗೆಯಲ್ಲಿ ಅವ್ವ ಮುಷ್ಟಿ ಎತ್ತಿಕೊಂಡೇ ನೀರಿನಿಂದ ಎದ್ದಳು. ಅಂಗೈಯಲ್ಲಿ ಅವರೆಕಾಳಿನಷ್ಟು ಗಾತ್ರದ ಚಿಪ್ಪು. ನಾನು ಬೆರಳು ತಾಗಿಸಿದೆ. ಟಪ್ಪನೆ ಬಾಯಿ ಮುಚ್ಚಿಕೊಂಡಿತು. ಇಬ್ಬರೂ ಕೂಗಿದ ಕೂಗಿಗೆ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಎದ್ದು ನಿಂತರು.

ಏಳನೆಯ ವರ್ಷ ಎಣಿಕೆಯ ದಿನ ದಡದ ಮೇಲೆ ಅರ್ಧ ಊರೇ ನೆರೆದಿತ್ತು. ಅವ್ವ ನಾಲ್ಕು ಸಲ ಮುಳುಗಬೇಕಾಯಿತು. ಲೆಕ್ಕ ಮೊದಲ ವರ್ಷದ್ದನ್ನೂ ದಾಟಿತ್ತು! ಪಟೇಲರು ಶಲ್ಯ ಬೀಸಿ ಕುಣಿದೇಬಿಟ್ಟರು.

ಆ ವಾರ ಸುದ್ದಿ ಕೇಳಿ ಮೀನಿನ ಇಲಾಖೆಯ ಅಧಿಕಾರಿಯೊಬ್ಬರು ಶಾಲೆಗೆ ಬಂದು ನೋಟುಪುಸ್ತಕವನ್ನು ಮೊದಲಿಂದ ಕೊನೆಯವರೆಗೂ ಓದಿದರು. ಮೊದಲು ಗೆಂಡೆ, ಆಮೇಲೆ ಚಿಪ್ಪಿನ ಮರಿ ಎಂದಿದ್ದ ಪುಟದಲ್ಲಿ ಅವರ ಬೆರಳು ನಿಂತಿತು. “ಚಿಪ್ಪಿನ ಮರಿಗಳು ಮೀನಿನ ಕಿವಿರಿಗೆ ಅಂಟಿಕೊಂಡೇ ಬೆಳೆಯೋದು. ಅದನ್ನ ನಾನು ಪುಸ್ತಕದಲ್ಲಿ ಓದಿದ್ದೆ. ಮೀನು ಬಂದ ಮೇಲೇ ಚಿಪ್ಪು ಬಂದದ್ದನ್ನ ನೀವು ಕಣ್ಣಾರೆ ಕಂಡು ಬರೆದಿದ್ದೀರಿ. ಎಣಿಸಿದವರು ಯಾರು?”

ನಾನು ಬಾಗಿಲಿನತ್ತ ತೋರಿಸಿದೆ. ಅವ್ವ ಒದ್ದೆ ಸೆರಗು ಹಿಂಡುತ್ತ ನಿಂತಿದ್ದಳು. ಅವರು ಕುರ್ಚಿಯಿಂದ ಎದ್ದು ಕೈಮುಗಿದರು. ಅವ್ವ ನನ್ನ ಮುಖ ನೋಡಿ, ನೇರ ನಡೆದುಬಂದು, ಆ ಕುರ್ಚಿಯಲ್ಲಿ ಕೂತಳು.

“ಬರ್ಕಳಿ ಸ್ವಾಮಿ,” ಎಂದಳು. “ಮೊದಲ್ನೇ ದಿನದಿಂದ ಹೇಳ್ತೀನಿ.”