ಕೆಂಪು ಉಗುಳು ಮತ್ತು ದುರುಗವ್ವನ ಕಷಾಯ

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ, ಏರು ಶುರುವಾಗುವ ಮೊದಲು ಲಾರಿಗಳು ಒಮ್ಮೆ ಉಸಿರು ಹಿಡಿಯುವ ತಿರುವಿನಲ್ಲಿ ದುರುಗವ್ವನ ಡಬ್ಬಿ ಅಂಗಡಿ ಇತ್ತು. ಪಕ್ಕದಲ್ಲೇ ನನ್ನ ಪಂಕ್ಚರ್ ಅಂಗಡಿ. ಚೀನಾದವರು ನಮ್ಮ ಗುಡ್ಡಗಳನ್ನು ಬದನೆಕಾಯಿಯ ಹಾಗೆ ತೂಕಕ್ಕೆ ಹಾಕಿಸಿಕೊಂಡು ಒಯ್ಯುತ್ತಿದ್ದ ಕಾಲ ಅದು. ಅದಿರು ಲಾರಿಗಳ ಸಾಲು ಎಷ್ಟು ಉದ್ದವಿತ್ತೆಂದರೆ, ಮುಂದಿನ ಲಾರಿಯ ಡ್ರೈವರನಿಗೆ ಮಗ ಹುಟ್ಟಿದ ಸುದ್ದಿ ಕೊನೆಯ ಲಾರಿಗೆ ಮುಟ್ಟುವಷ್ಟರಲ್ಲಿ ಆ ಮಗನ ಜವಳ ಮುಗಿದಿರುತ್ತಿತ್ತು. ಬುಕ್ಕಸಾಗರದವನೊಬ್ಬ ಬಿಳಿ ಎತ್ತು ಹೊಡೆದುಕೊಂಡು ಈ ದಾರಿಯಲ್ಲಿ ಬಂದವನು, ಸಂಡೂರಿನಲ್ಲಿ ಅದನ್ನೇ ಕೆಂದೆತ್ತು ಎಂದು ಮಾರಿ ಹೋದ. ದರೋಜಿಯ ಕರಡಿಯೊಂದು ದಾರಿ ತಪ್ಪಿ ಇತ್ತ ಬಂದು ಹಿಂದಿರುಗಿದಾಗ ಅದರ ಹೆಂಡತಿಯೇ ಗುರುತು ಸಿಗದೆ ಗವಿಯ ಒಳಗೆ ಬಿಡಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಕರಡಿಯೇ ಹೇಳಿದ್ದು.

ಆದರೆ ಒಂದು ಮಾತನ್ನು ನಾನು ಒಂದು ಗುಲಗಂಜಿಯಷ್ಟೂ ಹಿಗ್ಗಿಸುತ್ತಿಲ್ಲ. ಆ ರಸ್ತೆಯಲ್ಲಿ ಬದುಕಿದ ಪ್ರತಿಯೊಬ್ಬರ ಉಗುಳೂ ಕೆಂಪಗಿತ್ತು. ಎಲೆ ಅಡಿಕೆ ಮುಟ್ಟದವರದೂ ಅಷ್ಟೇ. ಬಾಯಿ ಮುಕ್ಕಳಿಸಿದರೆ ಕೆಂಪು, ಮೂಗು ಸೀಟಿದರೆ ಕೆಂಪು, ಕ್ಯಾಕರಿಸಿದರೆ ಕೆಂಪು. ಮೊದಮೊದಲು ಜನ ಬಗ್ಗಿ ನೋಡಿದರು. ಆಮೇಲೆ ಯಾರೂ ನೋಡಲಿಲ್ಲ.

ದುರುಗವ್ವನಿಗೆ ಆಗ ಐವತ್ತರ ಹತ್ತಿರ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವಳಿಗೆ ಇದ್ದವನು ತಮ್ಮ ಹೊನ್ನೂರುಸ್ವಾಮಿ ಒಬ್ಬನೇ. ತಾಯಿ ಸತ್ತಾಗ ಅವನಿಗೆ ಒಂಬತ್ತು ವರ್ಷ. ಅಂದಿನಿಂದ ಇವಳೇ ತಾಯಿ. ಅವಳು ಮೊದಲು ಚಹಾ ಮಾರುತ್ತಿದ್ದಳು. ಚಿಕೂನ್‌ಗುನ್ಯ ಬಂದು ಊರಿಗೆ ಊರೇ ಸೊಂಟ ಹಿಡಿದುಕೊಂಡು ನಡೆದ ವರ್ಷ, ಅವ್ವ ಕಲಿಸಿದ್ದ ಕಷಾಯವನ್ನು ಕುದಿಸತೊಡಗಿದಳು. ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿ, ತುಳಸಿ, ಒಣಶುಂಠಿ, ಕರಿಮೆಣಸು. ಜೊತೆಗೆ ಒಂದು ಉಂಡೆ ಬೆಲ್ಲ. ಬೆಲ್ಲ ಗಂಟಲಿನ ಧೂಳನ್ನು ಹಿಡಿದು ಹೊಟ್ಟೆಗೆ ಇಳಿಸುತ್ತದೆ ಎಂದು ನಮ್ಮ ಲೋಡಿಂಗ್ ಜನ ದೇವರಷ್ಟೇ ನಂಬಿದ್ದರು. ಕಹಿಯಂತೂ ಕೇಳಬೇಡಿ. ಲೋಟಕ್ಕೆ ಬಿದ್ದ ನೊಣವೊಂದು ಹೇಗೋ ಎದ್ದು, ಸಂಸಾರ ಬೇಡವೆಂದು ಹಂಪಿಯ ಗುಡ್ಡ ಹತ್ತಿ ಕುಳಿತಿತು.

ಜ್ವರದ ವರ್ಷ ಮುಗಿಯಿತು, ಕಷಾಯ ನಿಲ್ಲಲಿಲ್ಲ. ಡ್ರೈವರುಗಳಿಗೆ ಟ್ರಿಪ್ ಮೇಲೆ ಟ್ರಿಪ್. ನಿದ್ದೆಯಿಲ್ಲ, ಊಟಕ್ಕೆ ಹೊತ್ತಿಲ್ಲ. ಮೈ ಕೈ ಸೋತಾಗ ದುರುಗವ್ವನ ಲೋಟ. ಎರಡು ಗುಟುಕು ಒಳಗೆ ಹೋದರೆ ಕಣ್ಣು ತೆರೆಯುತ್ತಿತ್ತು, ಮತ್ತೆ ಸ್ಟೇರಿಂಗ್. ಅಂಗಡಿಯ ಬೋರ್ಡು ಎಂದರೆ ಹೊನ್ನೂರುಸ್ವಾಮಿಯೇ.

"ನನ್ನ ತಮ್ಮನ್ನ ನೋಡ್ರಿ," ಎನ್ನುತ್ತಿದ್ದಳು. "ಊರೆಲ್ಲಾ ಜ್ವರ ಬಂದು ಮಲಗಿದಾಗ ಇವ ಒಂದಿನ ಮಲಗಲಿಲ್ಲ. ದಿನಕ್ಕ ಮೂರು ಲೋಟ ಕುಡಿತಾನ, ನಾಕು ಟ್ರಿಪ್ ಹೊಡಿತಾನ!"

ಅವನು ಓಡಿಸುತ್ತಿದ್ದ ಲಾರಿಯ ಮಾಲಿಕ ಉಚ್ಚೆಂಗಪ್ಪನಿಗಂತೂ ಅಕ್ಕನೂ ಬೇಕು, ತಮ್ಮನೂ ಬೇಕು. "ದುರುಗವ್ವಾ, ಲಾರಿಗೆ ಡೀಸೆಲ್ ನಾ ಹಾಕಸ್ತೀನಿ, ಡ್ರೈವರ್‌ಗೆ ನೀ ಹಾಕು," ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಹೊನ್ನೂರುಸ್ವಾಮಿಗೆ ಕೆಮ್ಮು ಹತ್ತಿತು. ಆ ರಸ್ತೆಯಲ್ಲಿ ಕೆಮ್ಮದವನು ಮೈಲಿಗಲ್ಲು ಮಾತ್ರ, ಹಾಗಾಗಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಬೆಲ್ಟಿಗೆ ಮೊಳೆಯಿಂದ ಒಂದು ಹೊಸ ತೂತು ಹೊಡೆಸಿಕೊಂಡ, ನನ್ನ ಅಂಗಡಿಯಲ್ಲೇ. ತಿಂಗಳೊಪ್ಪತ್ತಿನಲ್ಲಿ ಇನ್ನೊಂದು. ಮೂರನೆಯದಕ್ಕೆ ಬಂದಾಗ, "ಲೇ ಹೊನ್ನೂರಾ, ಇನ್ನ ಈ ಬೆಲ್ಟ್ ನಿನಗ ಎರಡು ಸುತ್ತು ಬರ್ತೈತಿ," ಎಂದು ತಮಾಷೆ ಮಾಡಿದೆ. ಅವನು ನಗಲು ಹೋಗಿ ಕೆಮ್ಮಿದ. ನಾನೂ ಸುತ್ತಿಗೆ ಎತ್ತಿಟ್ಟೆನೇ ಹೊರತು ಮುಂದೆ ಯೋಚಿಸಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಬೆಳಿಗ್ಗೆ ಬನಿಯನ್ ಹಿಂಡಿದರೆ ನೀರು. ದುರುಗವ್ವ ಕಷಾಯಕ್ಕೆ ಇನ್ನೆರಡು ಮೆಣಸು ಹೆಚ್ಚು ಹಾಕಿದಳು. ಅನ್ನ ಸೇರುತ್ತಿಲ್ಲ ಎಂದಾಗ ಬಳ್ಳಿಯನ್ನು ಇನ್ನೂ ದಪ್ಪಗೆ ಜಜ್ಜಿದಳು.

ಗಣೇಶನ ಹಬ್ಬದ ಹೊತ್ತಿನ ಹುಬ್ಬಿ ಮಳೆ ಹಿಡಿದದ್ದು ಆಗ. ಎಂಟು ದಿನ ಆಕಾಶ ಬಾಗಿಲು ಹಾಕಲಿಲ್ಲ. ರಸ್ತೆ ಕೆಸರಾಗಿ, ಕೆಸರು ಹಳ್ಳವಾಗಿ ಲಾರಿಗಳು ನಿಂತಲ್ಲೇ ನಿಂತವು. ಹೊನ್ನೂರುಸ್ವಾಮಿಯ ಲಾರಿಯ ಜೋಡಿ ಡ್ರೈವರ್ ಅಂಜಿನಯ್ಯ ರಜೆ ಸಿಕ್ಕಿತೆಂದು ತನ್ನೂರು ಕಂಪ್ಲಿಗೆ ಹೋದ. ಉಳಿದವರು ದುರುಗವ್ವನ ತಗಡಿನ ಕೆಳಗೆ ಇಸ್ಪೀಟು ಹಾಕಿದರು. ಧೂಳು ತೊಳೆದುಹೋಗಿ, ನಾವು ಮರೆತೇ ಬಿಟ್ಟಿದ್ದ ಹಸಿರು ಬಣ್ಣ ಗಿಡಗಳ ಮೇಲೆ ಕಾಣಿಸಿತು. ಐದನೆಯ ದಿನ ಬೆಳಿಗ್ಗೆ ಒಬ್ಬ ಡ್ರೈವರ್ ಉಗುಳಿ ಬಗ್ಗಿ ನೋಡಿ ಕಿರುಚಿದ.

"ಯವ್ವಾ! ಬೆಳ್ಳಗ ಬಂತಲೇ! ನನಗೇನೋ ಆಗೈತಿ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬೊಬ್ಬರೂ ಎದ್ದು ಹೋಗಿ ಅಂಗಡಿಯ ಮುಂದಿನ ಬಂಡೆಯ ಮೇಲೆ ಉಗುಳಿ ನೋಡಿಕೊಂಡರು. ಬಿಳಿ, ಬಿಳಿ, ಬಿಳಿ. ಸ್ವಂತ ಉಗುಳಿಗೆ ಜನ ಹಾಗೆ ಚಪ್ಪಾಳೆ ಹೊಡೆದದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಹೊನ್ನೂರುಸ್ವಾಮಿ ಕೆಮ್ಮುತ್ತಾ ಎದ್ದ. ಬಂಡೆಯಿಂದಾಚೆಗೆ ಹೋಗಬೇಕೆಂದುಕೊಂಡಿದ್ದನೇನೋ, ಕೆಮ್ಮು ಬಿಡಲಿಲ್ಲ. ತೊಳೆದ ಬಂಡೆಯ ಮೇಲೆ ಕೆಂಪಾಗಿ ಬಿತ್ತು. ಅದಿರಿನ ಕೆಂಪು ಕಂದು ಬಣ್ಣದ್ದು, ಮಂಕು. ಇದು ಹೊಳೆಯುತ್ತಿತ್ತು. ಅವನು ಕಾಲಿನಿಂದ ಕೆಸರು ಎಳೆದು ಮುಚ್ಚಿ, "ಎಲಿ ಹಾಕ್ರಿ, ಆಡ್ರಿ," ಎಂದು ಬಂದು ಕುಳಿತ. ಯಾರೂ ಎಲೆ ಹಾಕಲಿಲ್ಲ.

ದುರುಗವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

"ಎಷ್ಟು ದಿನದಿಂದ?"

"ಧೂಳ ಬೇ ಯಕ್ಕಾ. ಎಲ್ಲಾರ್ದೂ ಕೆಂಪ ಇರ್ತೈತಿ."

"ಎಲ್ಲಾರ್ದೂ ಈಗ ಬೆಳ್ಳಗಾಗೈತಿ. ಐದು ದಿನದಿಂದ ಒಂದು ಲಾರಿ ಅಲ್ಲಾಡಿಲ್ಲ. ನಿನ್ನ ಧೂಳು ಎಲ್ಲಿಂದ ಬರಾಕತ್ತೈತಿ?"

ಅವನು ಕೈಲಿದ್ದ ಇಸ್ಪೀಟಿನ ರಾಣಿಯನ್ನು ಬೋರಲು ಹಾಕಿದ. "ಯುಗಾದಿಕಿಂತ ಮೊದ್ಲಿಂದ," ಎಂದ.

ಆರು ತಿಂಗಳು. ಅಷ್ಟೂ ದಿನ ಅವನು ಅವಳ ಕಣ್ಣೆದುರೇ ನೆತ್ತರು ಉಗುಳಿದ್ದ. ಕೆಂಪು ಊರಿನಲ್ಲಿ ಕೆಂಪು ಕಂಡಿರಲಿಲ್ಲ.

ಸಂಡೂರಿನ ಸರ್ಕಾರಿ ದವಾಖಾನೆಗೆ ಅವಳು ಅವನನ್ನು ಕೆಸರಿನಲ್ಲಿ ನಡೆಸಿಕೊಂಡೇ ಹೋದಳು. ನಾನೂ ಕೊಡೆ ಹಿಡಿದು ಹೋಗಿದ್ದೆ. ಕಫ ಪರೀಕ್ಷೆ ಆಯಿತು, ಎರಡು ದಿನಕ್ಕೆ ಟಿ.ಬಿ. ಎಂದು ಬಂತು. ಅಲ್ಲಿನ ಡಾಕ್ಟರಮ್ಮ ಸಾವಧಾನದ ಹೆಂಗಸು.

"ಮನ್ಯಾಗ ಏನು ಕೊಡ್ತಿದ್ರಿ?" ಎಂದು ಕೇಳಿದರು.

ದುರುಗವ್ವ ತಲೆ ತಗ್ಗಿಸಿ ಬಳ್ಳಿ, ತುಳಸಿ, ಶುಂಠಿ ಎಲ್ಲವನ್ನೂ ಹೇಳಿದಳು.

"ಶುಂಠಿ, ಮೆಣಸು ಗಂಟಲಿಗೆ ಹಿತ. ಆದ್ರ ಈ ಹುಳ ಕಷಾಯಕ್ಕ ಸಾಯಂಗಿಲ್ಲ," ಎಂದು ಡಾಕ್ಟರಮ್ಮ ಹೊನ್ನೂರುಸ್ವಾಮಿಯ ಕಡೆ ತಿರುಗಿದರು. "ದಿನಕ್ಕ ಎಷ್ಟು ತಾಸು ನಿದ್ದಿ ಮಾಡ್ತೀಯಪ್ಪಾ?"

"ಲೋಡಿಂಗ್ ಆಗೋ ಮುಂದ, ಸ್ಟೇರಿಂಗ್ ಮ್ಯಾಲ ತಲಿ ಇಟ್ಟು."

"ಊಟ?"

"ಚಾ, ಬಿಸ್ಕಿಟು. ಮತ್ತ ಯಕ್ಕನ ಕಷಾಯ."

"ಈ ಹುಳ ಭಾಳ ಮಂದಿ ಮೈಯಾಗ ಸುಮ್ನ ಮಲಗಿರ್ತೈತಿ. ಮನುಷ್ಯಾ ಮಲಗದಿದ್ರ, ಉಣ್ಣದಿದ್ರ ಅದು ಎದ್ದು ಕುಂದ್ರತೈತಿ. ಮ್ಯಾಲ ಈ ಧೂಳು ಬ್ಯಾರೆ. ಆರು ತಿಂಗಳು ಗುಳಿಗಿ ಬಿಡಂಗಿಲ್ಲ, ಲಾರಿ ಹತ್ತಂಗಿಲ್ಲ. ನಡುವ ಬಿಟ್ರ ಇದಾ ಗುಳಿಗಿ ಆಮ್ಯಾಲೆ ನಾಟೂದಿಲ್ಲ. ಮತ್ತ ನಿನ್ನ ಜೋಡಿ ಒಂದಾ ಕ್ಯಾಬಿನ್ಯಾಗ ಕುಂತವ್ರು ಯಾರದಾರ, ಅವರನ್ನೂ ಕರ್ಕೊಂಡು ಬರ್ರಿ."

ಹಿಂದಿರುಗುವಾಗ ದುರುಗವ್ವ ನನ್ನ ಕೊಡೆಯ ಹೊರಗೇ ನಡೆದಳು. "ಅವ ಮಲಗಬೇಕಾದಾಗೆಲ್ಲಾ ಕುಡಿಸಿ ಕುಡಿಸಿ ನಾನಾ ಎಬ್ಬಿಸಿ ಕಳಿಸೀನಿ," ಎಂದಳು. ನನಗೆ ಸುಳ್ಳು ಹೇಳಲು ಬಾರದ ದಿನ ಅದೊಂದೇ.

ಆಮೇಲೆ ಸೋಮವಾರ, ಬುಧವಾರ, ಶುಕ್ರವಾರ ಅವನು ನರ್ಸ್ ಎದುರಿಗೇ ಗುಳಿಗೆ ನುಂಗಿ ಬರಬೇಕು. ರಸ್ತೆಯಿಂದ ದೂರ, ಗದ್ದೆ ಕಡೆಯ ಪರಿಚಯದವರ ಮನೆಯ ಪಡಸಾಲೆಯಲ್ಲಿ ಅವನಿಗೆ ಮಂಚ. ಕಿಟಕಿಗಳನ್ನೆಲ್ಲ ತೆರೆದಿಡಬೇಕು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ರಾಜಗಿರಿ ಸೊಪ್ಪು, ಮೊಸರು, ದಿನಕ್ಕೆರಡು ತತ್ತಿ. ಬೆಳಗಿನ ಎಳೆ ಬಿಸಿಲಲ್ಲಿ ಬದುವಿನ ಮೇಲೆ ನಡಿಗೆ. ಉಳಿದಂತೆ ನಿದ್ದೆ. ಮೊದಲ ವಾರ ಅವನು ಮಲಗಿದ ರೀತಿ ನೋಡಿ ಅಕ್ಕಪಕ್ಕದವರಿಗೆ ಆಕಳಿಕೆ ಬಂದು, ಓಣಿಗೆ ಓಣಿಯೇ ಮಲಗಿ, ಕಳ್ಳರು ಬಂದು ಅವರೂ ಮಲಗಿದರು. ನಗುವನ್ನು ಡಾಕ್ಟರಮ್ಮ ಚೀಟಿಯಲ್ಲಿ ಬರೆದಿರಲಿಲ್ಲ, ಅದನ್ನು ನಾನೇ ಸಂಜೆಗೊಮ್ಮೆ ಕೊಡುತ್ತಿದ್ದೆ.

ಎರಡು ತಿಂಗಳಿಗೆ ಕೆಮ್ಮು ಅಡಗಿತು, ಮೈ ತುಂಬಿತು. ಕೆಟ್ಟದ್ದು ಶುರುವಾದದ್ದು ಅಲ್ಲಿಂದ.

ಅವನು ಚೇತರಿಸಿಕೊಂಡದ್ದು ಅಕ್ಕನ ಕಷಾಯದಿಂದ ಎಂದು ರಸ್ತೆಯುದ್ದಕ್ಕೂ ಸುದ್ದಿ ಹಬ್ಬಿತು. ಕಮಲಾಪುರದಿಂದಲೂ ಜನ ಬಾಟಲಿ ಹಿಡಿದು ಬಂದರು. ವರ್ಷದಿಂದ ಕೆಮ್ಮುತ್ತಿದ್ದವರು, ದವಾಖಾನೆಯ ಮೆಟ್ಟಿಲು ಹತ್ತಲು ಅಂಜುವವರು, ಅವಳ ಒಲೆಯ ಮುಂದೆ ಸಾಲು ನಿಂತರು.

"ಗುಳಿಗಿ ಲೇ, ಗುಳಿಗಿ!" ಎಂದು ಅವಳು ಗಂಟಲು ಹರಿದುಕೊಂಡಳು. "ದವಾಖಾನಿಗೆ ಹೋಗ್ರಿ!"

"ಗೊತ್ತೈತಿ ಬಿಡು ದುರುಗಕ್ಕಾ," ಎಂದು ಅವರು ಕಣ್ಣು ಮಿಟುಕಿಸಿದರು. "ಗುಟ್ಟಿನ ಬೇರಿನ ಹೆಸರು ಹೇಳಬ್ಯಾಡ, ಲೋಟ ಕೊಡು ಸಾಕು."

ಅದೂ ಹೋಗಲಿ. ಒಂದು ಶುಕ್ರವಾರ ಹೊನ್ನೂರುಸ್ವಾಮಿಯೇ ಗುಳಿಗೆಗೆ ಹೋಗಲಿಲ್ಲ. "ಅವು ತಗೊಂಡ್ರ ಹೊಟ್ಟ್ಯಾಗ ತೊಳಸ್ತೈತಿ ಯಕ್ಕಾ. ಎಲ್ಲಾರೂ ನಿನ್ನ ಕಷಾಯದಿಂದ ವಾಸಿ ಆತು ಅಂತಾರ. ಅದನ್ನಾ ಕುಡಿತೀನಿ. ಉಚ್ಚೆಂಗಪ್ಪನೂ ಹೇಳಿ ಕಳಿಸ್ಯಾನ, ಸೋಮವಾರ ಲಾರಿ ತರ್ತಾನಂತ."

ದುರುಗವ್ವ ಎದ್ದಳು. ಕುದಿಯುತ್ತಿದ್ದ ಹಂಡೆಯನ್ನು ಸೀರೆಯ ಸೆರಗಿನಿಂದ ಹಿಡಿದೆತ್ತಿ, ಸಾಲು ನಿಂತವರ ಕಾಲ ಬಳಿಯೇ ರಸ್ತೆಗೆ ಚೆಲ್ಲಿದಳು. ಒಲೆಗೆ ನೀರು ಸುರಿದಳು. "ಇವತ್ತಿಗೆ ಮುಗೀತು. ಕುಡಿಯಾಕ ಕಷಾಯಾನೂ ಇಲ್ಲ, ನಂಬಾಕ ನಾನೂ ಇಲ್ಲ." ಜನ ಬೈದರು, ಕೊಬ್ಬು ಎಂದರು. ಅವಳು ಅವನ ರಟ್ಟೆ ಹಿಡಿದು ದವಾಖಾನೆ ಮುಚ್ಚುವ ಮೊದಲೇ ಎಳೆದುಕೊಂಡು ಹೋಗಿ ಗುಳಿಗೆ ನುಂಗಿಸಿದಳು.

ಸೋಮವಾರ ಬೆಳಿಗ್ಗೆ ಉಚ್ಚೆಂಗಪ್ಪ ಲಾರಿ ತಂದು ನಿಲ್ಲಿಸಿದ. ಅಂಜಿನಯ್ಯ ಸ್ಟೇರಿಂಗ್ ಹಿಡಿದಿದ್ದ. ಮಳೆ ನಿಂತ ಮೇಲೆ ಕಂಪ್ಲಿಯಿಂದ ಬಂದವನನ್ನು ದುರುಗವ್ವ ಹತ್ತು ಸಲವಾದರೂ ಪರೀಕ್ಷೆಗೆ ಕರೆದಿದ್ದಳು. ನಾಳೆ, ನಾಡಿದ್ದು ಎಂದೇ ತಳ್ಳಿದ್ದ.

"ಹತ್ತು ಹೊನ್ನೂರಾ. ಮಸ್ತ್ ಆಗೀಯಲ್ಲಲೇ, ಕುಸ್ತಿ ಆಡಂಗದೀ," ಎಂದ ಉಚ್ಚೆಂಗಪ್ಪ. "ಜಲ್ದಿ. ಇಲ್ಲಾಂದ್ರ ಅಂಜಿನಯ್ಯನ್ನ ಒಬ್ಬನ್ನ ಕಳಿಸ್ತೀನಿ. ಆಮ್ಯಾಲೆ ನಿನ್ನ ಸೀಟು ಕೇಳಬ್ಯಾಡ."

ಹೊನ್ನೂರುಸ್ವಾಮಿ ಲಾರಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ಹನ್ನೆರಡು ವರ್ಷ ಕುಳಿತ ಸೀಟು. ದುರುಗವ್ವ ಅವನನ್ನು ಹಿಡಿಯಲಿಲ್ಲ. ರಸ್ತೆ ದಾಟಿ ಬಂದು, ಕೈಲಿದ್ದ ರೊಟ್ಟಿಯ ಗಂಟು ಹಿಡಿದುಕೊಂಡು ದವಾಖಾನೆಯ ದಿಕ್ಕಿಗೆ ಮುಖ ಮಾಡಿ ನಿಂತಳು. "ನಾ ಹೊಂಟೆ. ನರ್ಸಮ್ಮ ಕಾಯ್ತಿರ್ತಾಳ," ಎಂದು ನಡೆದೇ ಬಿಟ್ಟಳು, ತಿರುಗಿ ನೋಡದೆ.

ಅವಳು ಇಪ್ಪತ್ತು ಹೆಜ್ಜೆ ಹೋಗುವವರೆಗೆ ಅವನು ಒಂಟಿ ಕಾಲಲ್ಲಿ ನಿಂತೇ ಇದ್ದ. ಆಮೇಲೆ ಇಳಿದು ಅವಳ ಹಿಂದೆ ಹೊರಟ.

ಉಚ್ಚೆಂಗಪ್ಪ ಬಾಗಿಲು ಬಡಿದು ಮುಚ್ಚಿದ. ಅಂಜಿನಯ್ಯನ ಅಂಗಿಯ ಕೊರಳ ಪಟ್ಟಿ ಹೊನ್ನೂರುಸ್ವಾಮಿಯ ಅಂದಿನ ಬೆಲ್ಟಿನ ಹಾಗೆಯೇ ಸಡಿಲವಾಗಿತ್ತು. ನನಗದು ಆಗ ಕಂಡಿತು. ಅವನು ಕೆಮ್ಮತೊಡಗಿದ.

"ಅಂಜಿನಯ್ಯಾ," ಎಂದೆ ನಾನು, ಕಿಟಕಿಯ ಕೆಳಗೆ ಹೋಗಿ. "ಒಂದು ಸಲ ಉಗುಳಪ್ಪಾ, ನೋಡೂಣು."

ಅವನು ನನ್ನನ್ನು ನೋಡಿ ನಕ್ಕ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಗೇರ್ ಹಾಕಿದ.