ಗಾಳಿಯ ಕಡೆಯ ಓಡಿಲೋನ್

ಭಾನುವಾರ ಫ್ಲಾಂಡರ್ಸಿನ ಬಯಲಿಗೆ ಸೈಕಲ್ ತಂಡ ಇಳಿಯಿತೆಂದರೆ ಮುಂದಾಳು ಓಡಿಲೋನನಿಗೆ ಮೈಮೇಲೆ ದೇವರು ಬಂದಂತೆ. ಹಸುಗಳ ಬಾಲ ನೋಡುತ್ತಾನೆ, ಅಂಗಳದ ಬಟ್ಟೆ ನೋಡುತ್ತಾನೆ, ಬೆರಳು ನೆಕ್ಕಿ ಎತ್ತಿ ಹಿಡಿಯುತ್ತಾನೆ. "ಗಾಳಿ ಬಲಗಡೆಯಿಂದ ಹೊಡೀತಿದೆ ಕಣ್ರೋ! ಓರೆಯಾಗಿ ಬನ್ನಿ, ಮುಂದಿನವನ ಎಡ ಮಗ್ಗುಲಿಗೆ ಸೇರ್ಕೊಳ್ಳಿ! ಏಯ್ ಮಾರ್ನಿಕ್ಸ್, ಚಕ್ರಕ್ಕೆ ಚಕ್ರ ತಾಗಿಸಿದ್ಯೋ, ಎಲ್ರೂ ಮಣ್ಣು ಮುಕ್ತೀವಿ!" ಹಿಂದಿನವರಿಗೆ ಮರೆಯಾಗಿ, ಗಾಳಿಗೆ ಎದೆಗೊಟ್ಟು ಮುಂದೆ ತುಳಿಯುವುದು ಎಲ್ಲರಿಗೂ ಸರದಿಯ ಕೆಲಸ, ಓಡಿಲೋನ್ ಮಾತ್ರ ಬಿಟ್ಟುಕೊಡುವವನಲ್ಲ. "ಹಿಂದೆ ಬಾರೋ, ಈಗ ನನ್ನ ಸರದಿ," ಎಂದು ಮಾರ್ನಿಕ್ಸ್ ಅರಚಿದರೆ, "ಆ ಚರ್ಚಿನ ತನಕ ತಡಿಯೋ," ಎನ್ನುತ್ತಾನೆ. ಚರ್ಚು ದಾಟಿದರೆ ಮುಂದಿನ ಊರಿನ ಚರ್ಚು. ಬಿಯರ್ ಕುಡಿಯಲು ಕೂತಲ್ಲೂ ಬಾಗಿಲು ತೆರೆದಾಗಲೆಲ್ಲ ಗಾಳಿ ನುಗ್ಗುವ ಕಡೆಗೆ ಕುರ್ಚಿ ಬದಲಾಯಿಸುತ್ತಾನೆ. ಹೆಂಡತಿ ಗೋಡೆಲೀವ್ ಜೊತೆ ಪೇಟೆಗೆ ಹೊರಟರೂ ಅದೇ ಗೋಳು: ಪ್ರತಿ ತಿರುವಿನಲ್ಲೂ ಅವಳಿಗೊಂದು ಸುತ್ತು ಹಾಕಿ ಗಾಳಿಯ ಕಡೆಗೆ ಬರುತ್ತಿದ್ದ. "ನಾನೇನು ನಿನ್ನ ತಂಡದವಳಾ? ನೆಟ್ಟಗೆ ನಡಿ ಮಾರಾಯ!" ಎಂದು ಅವಳು ರೇಗುತ್ತಿದ್ದಳು. ಮೊನ್ನೆ ಅವಳ ಶವಪೆಟ್ಟಿಗೆಯ ಬಲಕ್ಕೆ ನಡೆಯುತ್ತಿದ್ದ. ಕಾಲುವೆಯ ಬಳಿ ದಾರಿ ತಿರುಗಿ, ಗಾಳಿ ಎಡದಿಂದ ಬೀಸಿತು. ಓಡಿಲೋನ್ ಸದ್ದಿಲ್ಲದೆ ಪೆಟ್ಟಿಗೆಯನ್ನು ಸುತ್ತಿ ಎಡಕ್ಕೆ ಬಂದ. ಹಿಂದಿದ್ದ ಮಾರ್ನಿಕ್ಸ್ ಸರಸರನೆ ಬಂದು ಅವನಿಗೂ ಎಡಗಡೆ ನಿಂತು, "ಈಗ ನನ್ನ ಸರದಿ ಕಣೋ," ಎಂದ. ಓಡಿಲೋನ್ ಯಾವ ಚರ್ಚಿನ ಹೆಸರನ್ನೂ ಎತ್ತಲಿಲ್ಲ.