ಹುಳದ ಮನೆಯ ಬಿಸಿ

ಕಲಬುರಗಿ ಕಡೆಯ ನೀವು ಇದನ್ನು ಓದಿ ನಗಬಹುದು. ನಾನೀಗ ಇರುವ ಮನೆಯಲ್ಲಿ ಹೀಟರ್ ಇರುವುದು ಹುಳುಗಳಿಗೆ. ಮಾಗಿ ಚಳಿಯಲ್ಲಿ ನಾವು ಕಂಬಳಿ ಹೊದ್ದು ನಡುಗುತ್ತೇವೆ, ಪಕ್ಕದ ಕೋಣೆಯಲ್ಲಿ ರೇಷ್ಮೆ ಹುಳುಗಳು ಬೆಚ್ಚಗೆ ಸೊಪ್ಪು ಮೇಯುತ್ತವೆ. ಬಂದ ಮೊದಲ ದಿನ ಕಾಲು ತೊಳೆಯದೆ ಆ ಹುಳದ ಮನೆಗೆ ನುಗ್ಗಿದ್ದೆ. ಹೆಂಡತಿ ಮಂಗಳ ತೋಳು ಹಿಡಿದು ಹೊರಗೆ ಎಳೆದಳು, ಕಳ್ಳನನ್ನು ಎಳೆದ ಹಾಗೆ.

ಊರಲ್ಲಿ ನಾನು ಎಸಿ ರಿಪೇರಿ ಮಾಡುತ್ತಿದ್ದವನು. ಮಂಗಳ ಅಲ್ಲಿ ನರ್ಸಿಂಗ್ ಓದುವಾಗ ಪರಿಚಯವಾಗಿ ಮದುವೆಯಾಯಿತು. ಮಾವ ತೀರಿಕೊಂಡಿದ್ದರು, ಅತ್ತೆ ಒಬ್ಬರೇ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಿದ್ದರು. ಹಾಗಾಗಿ ಕುದೂರಿನ ಹತ್ತಿರದ ಈ ಹಳ್ಳಿಗೆ ಮನೆ ಅಳಿಯನಾಗಿ ಬಂದೆ. ಜೋಳದ ರೊಟ್ಟಿ ಅಗಿದ ಬಾಯಿಗೆ ಮುದ್ದೆ ನುಂಗುವುದು ಕಲಿಸಿದೆ. 'ಸ್ವಲ್ಪ' ಎನ್ನಲು ಇಲ್ಲಿ 'ಒಸಿ' ಅನ್ನುತ್ತಾರೆ, ಅದನ್ನೂ ಕಲಿತೆ. ನನ್ನ 'ಹೌದ್ರಿ'ಗೆ ಮಾತ್ರ ಹಾಲಿನ ಡೇರಿಯಲ್ಲಿ ಇವತ್ತಿಗೂ ನಗುತ್ತಾರೆ.

ಕಲಿಯಲಾಗದ್ದು ಒಂದೇ, ಅತ್ತೆಯ ಮೌನ. ನಮ್ಮ ಕಡೆ ಅತ್ತೆಯಂದಿರು ಅಳಿಯನನ್ನು ಬೈಯುತ್ತಾರೆ, ಗೇಲಿ ಮಾಡುತ್ತಾರೆ. ಇವರು ಹಳೇ ಕಾಲದವರು. ಅಳಿಯನ ಎದುರು ಕೂರುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಊಟಕ್ಕೆ ಕರೆಯುವುದೂ ಮಂಗಳನ ಮೂಲಕವೇ. ಅದು ಮರ್ಯಾದೆ ಎಂದು ಅವಳು ಹೇಳುತ್ತಿದ್ದಳು. ನನಗೆ ಅದು ಒಂಟಿತನವಾಗಿತ್ತು.

ಆ ಮನೆಯಲ್ಲಿ ನನ್ನದೊಂದು ಕೆಲಸ ಇರಲಿ ಎಂದು ಹುಳದ ಮನೆಗೆ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿದೆ. ಬಿಸಿ ಅಳೆದು ಹೀಟರನ್ನು ತಾನೇ ಹಚ್ಚಿ ಆರಿಸುವ ಗೋಡೆಯ ಪೆಟ್ಟಿಗೆ ಅದು. ಎಷ್ಟು ಡಿಗ್ರಿ ಇದೆ ಎಂದು ಮೊಬೈಲಿಗೂ ತೋರಿಸುತ್ತದೆ. ಬಿಸಿ ಸೋರದಿರಲೆಂದು ಕಿಟಕಿ ಸಂದಿಗಳಿಗೆಲ್ಲ ಪ್ಲಾಸ್ಟಿಕ್ ಬಡಿದೆ. ಆದರೆ ಪೆಟ್ಟಿಗೆಯ ಪರದೆ ಮತ್ತೆ ಮತ್ತೆ ಕಪ್ಪಾಗುತ್ತಿತ್ತು. ವೈರ್ ಬಿಗಿ ಮಾಡಿದೆ, ಅಡಾಪ್ಟರ್ ಬದಲಿಸಿದೆ, ಫ್ಯೂಸ್ ನೋಡಿದೆ. ಕೊನೆಗೆ ಗೊತ್ತಾಯಿತು: ಹೀಟರ್ ಹತ್ತಿದ ಕೂಡಲೇ ಇಲ್ಲಿಯ ಬಡ ವೋಲ್ಟೇಜ್ ಕುಸಿಯುತ್ತದೆ, ಪೆಟ್ಟಿಗೆ ಸಾಯುತ್ತದೆ. ಅದು ಸತ್ತರೆ ಹೀಟರ್ ಆರುತ್ತದೆ, ಕರೆಂಟ್ ಚೇತರಿಸಿಕೊಳ್ಳುತ್ತದೆ, ಪೆಟ್ಟಿಗೆ ಮತ್ತೆ ಎದ್ದು ಮತ್ತೆ ಹೀಟರ್ ಹಚ್ಚುತ್ತದೆ. ಪೆಟ್ಟಿಗೆಯನ್ನು ಮನೆಯ ದೀಪ, ವೈಫೈ ಇರುವ ಇನ್ವರ್ಟರ್ ಲೈನಿಗೆ ಸೇರಿಸಿದೆ. ಹೀಟರ್ ಭಾರವನ್ನು ಇನ್ವರ್ಟರ್ ಹೊರಲಾರದು, ಹಾಗಾಗಿ ಹೀಟರ್ ಹೊರಗಿನ ಕರೆಂಟಿನಲ್ಲೇ ಉಳಿಯಿತು. ಪರದೆ ಮತ್ತೆ ಕಪ್ಪಾಗಲಿಲ್ಲ, ನಾನು ಬೀಗಿದೆ.

ಮುಂಚೆ ಅತ್ತೆ ಬಾಣಲೆಯಲ್ಲಿ ಕೆಂಡ ಇಟ್ಟು ಹುಳ ಕಾಯುತ್ತಿದ್ದರು. ಆಗ ನಾಡಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಈಗ ತಾರಸಿ, ಕಿಟಕಿಗಳಿಗೆ ನನ್ನ ಪ್ಲಾಸ್ಟಿಕ್. ಇನ್ನು ಕೆಂಡ ಬೇಡ, ಅದರ ಗಾಳಿ ವಿಷ ಎಂದು ಮಂಗಳನ ಕೈಲಿ ಹೇಳಿಸಿದ್ದೆ.

ಕಳೆದ ಬೆಳೆಯಲ್ಲಿ ಜಡಿಮಳೆ ಹಿಡಿದ ದಿನ ಹುಳುಗಳು ಜ್ವರಕ್ಕೆ ಕೂತಿದ್ದವು. ಮೇವು ಬಿಟ್ಟು ಅಲುಗಾಡದೆ ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ಆಗ ಶೀತ ತಾಗಿದರೆ ಬೆಳೆ ಹೋಯಿತು. ಮಂಗಳ ಕುದೂರಿನ ಕ್ಲಿನಿಕ್ಕಿನಲ್ಲಿ ಡ್ಯೂಟಿಯಲ್ಲಿದ್ದಳು. ನಾನು ಅಲ್ಲೇ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು, ಇಲ್ಲಿಂದಲೇ ನಮ್ಮ ಹುಳದ ಮನೆ ಕಾಯ್ತೀನಿ ಎಂದು ಮಾಲೀಕನಿಗೆ ಮೊಬೈಲ್ ತೋರಿಸುತ್ತಿದ್ದೆ. ಬೆಳಿಗ್ಗೆ ಇಪ್ಪತ್ತಕ್ಕೆ ಇಳಿದಿದ್ದ ಬಿಸಿ ಇಪ್ಪತ್ತೈದಕ್ಕೆ ಏರಿತ್ತು.

ಅವನು ಕತ್ತಲೆ ಅಂಗಡಿಯೊಳಗಿಂದ ತಲೆ ಎತ್ತಿ ನೋಡಿದ. "ನಿಮ್ಮೂರ್ ಲೈನ್‌ಗೂ ಬೆಳಿಗ್ಗೆಯಿಂದ ಕರೆಂಟ್ ಇಲ್ವಲ್ಲಣ್ಣ. ಹೀಟ್ರು ಹೆಂಗ್ ಉರೀತೈತೆ?"

ನೋಡುತ್ತಿದ್ದಂತೆ ಮೊಬೈಲಿನಲ್ಲಿ ಇಪ್ಪತ್ತಾರು ಆಯಿತು. ಕರೆಂಟ್ ಇಲ್ಲದ ಕೋಣೆ ಬಿಸಿಯೇರುತ್ತಿತ್ತು. ಅತ್ತೆಗೆ ಫೋನ್ ಮಾಡಿದೆ, ಗಂಟೆ ಹೊಡೆದು ಹೊಡೆದು ನಿಂತಿತು. ಮಳೆಯಲ್ಲಿ ಗಾಡಿ ಹೇಗೆ ಓಡಿಸಿದೆನೋ ನೆನಪಿಲ್ಲ. ಸಂದಿಗಳಿಗೆಲ್ಲ ಪ್ಲಾಸ್ಟಿಕ್ ಬಡಿದ ನನ್ನನ್ನೇ ಶಪಿಸಿಕೊಂಡೆ.

ಹುಳದ ಮನೆಯ ಬಾಗಿಲಿಗೆ ಒಳಗಿಂದ ಗೋಣಿಚೀಲ ಒತ್ತಿಟ್ಟಿತ್ತು. ಹೆಗಲು ಕೊಟ್ಟು ನೂಕಿದೆ. ಅತ್ತೆ ಹುಳದ ತಟ್ಟೆಗಳ ಸ್ಟ್ಯಾಂಡಿಗೆ ಒರಗಿ ಕೂತಲ್ಲೇ ವಾಲಿದ್ದರು, ಪಕ್ಕದಲ್ಲಿ ಕೆಂಡದ ಬಾಣಲೆ. ಮುಟ್ಟಬಾರದ ಮರ್ಯಾದೆಯನ್ನು ಮರೆತು ಕಂಕುಳಿಗೆ ಕೈಹಾಕಿ ಅಂಗಳಕ್ಕೆ ಎಳೆದೆ. ಎಷ್ಟು ಕೂಗಿದರೂ ಕಣ್ಣು ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಕೆಮ್ಮಿ, ವಾಂತಿ ಮಾಡಿ, ನನ್ನ ಮುಖವನ್ನೇ ನೋಡಿದರು.

"ಬಾಗ್ಲು ಹಾಕಪ್ಪ, ಹುಳಕ್ಕೆ ಶೀತ ಹೊಡೀತದೆ."

ನನ್ನೊಂದಿಗೆ ಅವರು ಆಡಿದ ಮೊದಲ ಮಾತು ಅದು. ನಾನು ಬಾಗಿಲು ಹಾಕಲಿಲ್ಲ.

ಅರ್ಧ ಬೆಳೆ ಹೋಯಿತು, ಅತ್ತೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಬದುಕಿಕೊಂಡರು. ಕರೆಂಟ್ ಹೋದಾಗ ಒಂದು ಫೋನ್ ಮಾಡಬಾರದಿತ್ತೇ ಎಂದು ಮಂಗಳ ಅತ್ತಳಂತೆ. ಅಳಿಯಂದಿರಿಗೆ ಹೇಗೆ ಫೋನ್ ಮಾಡುವುದು, ನಿಮ್ಮ ಮಿಷನ್ ನಿಂತುಹೋಯಿತು ಎಂದರೆ ನೊಂದುಕೊಳ್ಳುವುದಿಲ್ಲವೇ ಎಂದರಂತೆ ಅತ್ತೆ.

ನೋಡಲು ಬಂದ ಊರವರು ಅತ್ತೆಯ ಆರೋಗ್ಯಕ್ಕಿಂತ ಹೆಚ್ಚು ನನ್ನ ವೈರಿಂಗ್ ಬಗ್ಗೆ ಕೇಳಿದರು. ಅದೇನೋ ಅಳಿಯ ಬಂದು ಎಲ್ಲ ಬದಲಾಯಿಸಿದನಂತಲ್ಲ ಎಂದು ಒಬ್ಬರು ನನ್ನೆದುರೇ ಎಂದರು. ಅತ್ತೆ ಮಂಚದಿಂದ ಅರ್ಧ ಎದ್ದರು.

"ಕೆಂಡ ಇಟ್ಕಂಡೋಳು ನಾನು. ಅವ್ರು ಬರ್ದೇ ಹೋಗಿದ್ರೆ ಇಷ್ಟೊತ್ಗೆ ನೀವು ನನ್ ತಿಥಿ ಊಟಕ್ಕೆ ಬರ್ತಿದ್ರಿ."

ಕಲಬುರಗಿಯಿಂದ ಅವ್ವ ಫೋನ್ ಮಾಡಿದಳು. "ಆಕಿ ಸತ್ತಿದ್ರ ಹೊರಗಿನಾಂವ ಕೊಂದ ಅಂತಿದ್ರು. ಬಂದ್ಬಿಡು," ಎಂದಳು. ಅವಳ ಮಾತು ಸುಳ್ಳೆಂದು ನನಗೆ ಇನ್ನೂ ಅನ್ನಿಸಿಲ್ಲ. ಹೊರಡಬೇಕೆಂದೂ ಅನ್ನಿಸಿಲ್ಲ.

ಪ್ಲಾಸ್ಟಿಕ್ ಕಿತ್ತು ಮೇಲೆ ಎರಡು ಗವಾಕ್ಷಿ ಬಿಡಿಸಿದ್ದೇನೆ. ಹೊಸ ಹುಳುಗಳು ಬಂದಿವೆ. ಹುಳದ ಮನೆಯ ಬಾಗಿಲು ಮುಚ್ಚಿರುವುದು ಕಂಡರೆ ಮೊಬೈಲ್ ನೋಡುವುದಿಲ್ಲ, ಅಂಗಳದಲ್ಲಿ ನಿಂತು ಅತ್ತೆ ಎಂದು ಕೂಗುತ್ತೇನೆ. ಅವರು ನನಗೇ ಉತ್ತರ ಕೊಡಬೇಕೆಂದು ನಾನೇ ಬೇಡಿಕೊಂಡಿದ್ದೇನೆ. "ಇವ್ನಿ ಕಣಪ್ಪ," ಎನ್ನುತ್ತಾರೆ, ಇದ್ದೀನಿ ಎಂದು, ಕೆಲವೊಮ್ಮೆ ತಡವಾಗಿ. ಆ ಉತ್ತರ ಬರುವ ತನಕ ನಾನು ಯಾವ ಊರಿನವನೆಂದು ನನಗೆ ನೆನಪಿರುವುದಿಲ್ಲ.